ಆವಿಗೆ ಸುತ್ತ ಕೂತವರು

ನಮ್ಮ ವಾಚನಾಲಯದ ಗುರುಗಳು ಈ ಪುಸ್ತಕಕ್ಕೆ ನೀನೂ ಒಂದು ಲೇಖನ ಕೊಡು ಅಂದಾಗ, ಹಾಡು ಬರಕೊಡ್ತೀನ್ರಿ ಅಂದೆ. ಹಾಡು ಬ್ಯಾಡ, ಇತಿಹಾಸ ಬರಿ ಅಂದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇತಿಹಾಸ ಅಂದರೆ ರಾಜರ ಹೆಸರು, ಲಡಾಯಿ ನಡೆದ ವರ್ಷ. ಅವನ್ನು ಬರೆಯುವವರು ಬೇರೆ ಇದ್ದಾರೆ. ನನಗೆ ಗೊತ್ತಿರುವುದು ನಮ್ಮೂರ ಕುಂಬಾರ ಓಣಿ. ಹೋದ ವರ್ಷ ಸೋಲಾಪುರದ ಹತ್ತಿರ ಕುಂಬಾರರ ಸಮ್ಮೇಳನ ಒಂದು ನಡೆಯಿತು. ಅಲ್ಲಿ ಹಾಡಲಿಕ್ಕೆ ನನ್ನನ್ನೂ ಕರೆದಿದ್ದರು. ಮೂರು ದಿನ ಇದ್ದು ಬಂದೆ. ಬಂದ ಮ್ಯಾಲೆ ನಮ್ಮ ಓಣಿಯ ಇತಿಹಾಸ ನನ್ನ ತಲಿಯೊಳಗ ಬೇರೆನೇ ಆಗಿ ಕೂತದ. ಅದನ್ನೇ ಬರೀತೀನಿ.

ನಾನು ಸಣ್ಣವನಿದ್ದಾಗ, ಅಂದರೆ 1965ರ ಆಜುಬಾಜು, ಅಕ್ಕಲಕೋಟ ತಾಲೂಕಿನ ಈ ಊರಾಗ ಕುಂಬಾರರ ಮನೆ ಏಳು ಇದ್ದವು. ಏಳು ಮನೆಗೂ ತಿಗರಿ ಬ್ಯಾರೆ ಬ್ಯಾರೆ, ಆದರೆ ಆವಿಗೆ ಒಂದೇ. ಈಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗತದ. ಮಡಿಕೆ ಮಾಡುವುದು ಒಬ್ಬನ ಕೆಲಸ, ಸುಡುವುದು ಓಣಿಯ ಕೆಲಸ. ಒಂದು ಮನೆಯ ಹತ್ತಿಪ್ಪತ್ತು ಗಡಿಗೆಗೆ ಅಂತ ಆವಿಗೆ ಹಚ್ಚಿದರೆ ಕುಳ್ಳು, ಕಟಿಗೆ ಎಲ್ಲಾ ದಂಡ. ಏಳು ಮನೆಯವರು ಕೂಡಿ ಒಟ್ಟಿದರೆ ಅದೇ ಬೆಂಕಿ ಇನ್ನೂರು ಗಡಿಗೆಗೆ ಸಾಕಾಗುತ್ತಿತ್ತು. ಕೆಳಗೆ ಕುಳ್ಳು, ಅದರ ಮೇಲೆ ದೊಡ್ಡ ಹರವಿ, ಸಂದಿನಾಗ ಸಣ್ಣ ಮಗಿ, ಹಣತಿ. ಮೇಲೆ ಹುಲ್ಲು, ಬೋಕಿ ಚೂರು, ಬೂದಿ, ಕೆಸರಿನ ಹೊದಿಕೆ. ಯಾರ ಗಡಿಗೆ ಯಾವುದು ಅಂತ ತಿಳಿಯಲಿಕ್ಕೆ ಕಂಠದ ಕೆಳಗೆ ಉಗುರಿನ ಗುರುತು. ಒಬ್ಬರದು ಎರಡು ಗೀರು, ಒಬ್ಬರದು ಅರ್ಧಚಂದ್ರ.

ಹೊತ್ತು ಮುಳುಗಿದ ಮೇಲೆ ಬೆಂಕಿ ಇಡೋರು. ರಾತ್ರಿಯೆಲ್ಲಾ ಒಬ್ಬರಾದರೂ ಎಚ್ಚರ ಇರಬೇಕು, ಗಾಳಿ ತಿರುಗಿದರೆ ಒಂದು ಮಗ್ಗಲು ಕರಕ ಆಗತದ, ಇನ್ನೊಂದು ಮಗ್ಗಲು ಹಸಿ ಉಳಿತದ. ಆದ್ದರಿಂದ ಓಣಿ ಪೂರಾ ಅಲ್ಲೇ ಕೂಡುತಿತ್ತು. ಶೇಂಗಾ ಸುಡೋರು, ರೊಟ್ಟಿ ಖಾರ ಬಿಚ್ಚೋರು. ನಮ್ಮಪ್ಪ ಒಕ್ಕಲಿಗನಾದರೂ ದಮ್ಮಡಿ ತಗೊಂಡು ಹೋಗುತಿದ್ದ, ಬೆನ್ನಿಗೆ ನಾನು. ನಾ ಹಾಡು ಕಲಿತದ್ದು ಗುಡಿಯೊಳಗಲ್ಲ, ಆ ಆವಿಗೆ ಬೆಳಕಿನಾಗ. ಮುಖ ಸುಡುತಿತ್ತು, ಬೆನ್ನು ಥಂಡಿ. ಒಬ್ಬ ಕುಂಬಾರ ಇನ್ನೊಬ್ಬನ ಗಡಿಗಿ ಬುಡ ನೋಡಿ ನಗಾಡತಿದ್ದ, ಆ ನಗಿಯೊಳಗೇ ಬುಡ ಹ್ಯಾಂಗ ಬಡೀಬೇಕು ಅಂಬೋದು ಕಿರಿಯರಿಗೆ ತಿಳೀತಿತ್ತು. ಆ ಓಣಿಗೆ ಅದೇ ಶಾಲೆ.

ಲಗ್ನಕ್ಕ ಐರಾಣಿ ತರಲಿಕ್ಕೆ ಊರ ಹೆಣ್ಣುಮಕ್ಕಳು ಅವರ ಮನೆಗೇ ಹೋಗುತ್ತಿದ್ದರು, ಸುಣ್ಣ ಕೆಮ್ಮಣ್ಣು ಹಚ್ಚಿದ ಗಡಿಗೆ ಹೊತ್ತು ಹಾಡುತ್ತಾ ಬರುತ್ತಿದ್ದರು. ಸುಗ್ಗಿಯಾಗ ಕಣಕ್ಕ ಬಂದು ಕುಂಬಾರ ತನ್ನ ಬಲುತ ಜೋಳ ಒಯ್ಯುತ್ತಿದ್ದ. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಉದ್ದ ಮಾಡುವುದಿಲ್ಲ.

ಈಗ ಒಂದು ಮಾತು. ಪ್ಲಾಸ್ಟಿಕ್ ಕೊಡ ಬಂತು, ಸ್ಟೀಲ್ ಬಂತು, ಕುಂಬಾರಿಕೆ ಹೋಯಿತು ಅಂತ ಭಾಷಣದಾಗ ಎಲ್ಲರೂ ಹೇಳ್ತಾರ. ನಾನೂ ಹೇಳುತ್ತಿದ್ದೆ. ಅದು ಅರ್ಧ ಮಾತು. 1972ರ ಬರದಾಗ ಎರಡು ಮನೆ ಪುಣೆ ಕಡೆ ದುಡಿಯಲಿಕ್ಕೆ ಹೋದವು, ತಿರುಗಿ ಬರಲಿಲ್ಲ. ನಾ ಶಾಲೆ ಬಿಟ್ಟದ್ದೂ ಅದೇ ಬರದಾಗ, ರಸ್ತೆ ಕೆಲಸದಾಗ ಕಲ್ಲು ಒಡೆಯಲಿಕ್ಕೆ. ಆದರೂ ಐದು ಮನೆಯವರು ಆವಿಗೆ ತುಂಬಿಸುತ್ತಿದ್ದರು.

ಆ ಐದು ಮನೆಗೆ ಮಣ್ಣು ಬರುತಿದ್ದದ್ದು ಕೆರೆಯ ತೂಬಿನ ಬಾಜು ಒಂದು ಮೂಲೆಯಿಂದ. ಮೇಲೆ ಗಾಳ, ಅದರ ಕೆಳಗೆ ಬೆಣ್ಣಿಯಂಥ ಜೇಡಿ. ಕಾಗದ ಪತ್ರ ಯಾವುದೂ ಇಲ್ಲ, ಆದರೂ ಅದು ಕುಂಬಾರರ ಮೂಲೆ ಅಂತ ಊರಿಗೆಲ್ಲಾ ಗೊತ್ತು. 1994ರ ಬ್ಯಾಸಿಗಿಯಾಗ ಕೆರೆ ಒಣಗಿತ್ತು. ಎಲ್ಲಾ ರೈತರು ಹೊಲಕ್ಕ ಗಾಳ ಹೊಡಿಯಾಕ ಹತ್ತಿದ್ದರು. ನಾನು ಬಾಡಿಗೆ ಟ್ರ್ಯಾಕ್ಟರ್ ತಗೊಂಡು ಆ ಮೂಲೆಗೇ ಕೈ ಹಚ್ಚಿದೆ. ನಲವತ್ತು ಖೇಪು ಹೊಡೆದೆ. ನನ್ನ ಗೆಳೆಯನ ಅಪ್ಪ, ನಾವು ಕುಂಬಾರ ಕಾಕಾ ಅಂತಿದ್ದೆವು, ಬಂದು, ಆ ಮೂಲಿ ಒಂದು ಬಿಡಪಾ ಅಂದ. ಕೆರೀ ಸರಕಾರದ್ದು, ನಿಮ್ಮಜ್ಜನ ಹೆಸರಲೆ ಅದ ಏನು ಅಂದೆ. ಕಾಕಾ ತಲಿಗೆ ಸುತ್ತಿದ ವಸ್ತ್ರ ಬಿಚ್ಚಿ ಮತ್ತ ಕಟ್ಟಿಕೊಂಡು ಹೋದ. ಆ ವರ್ಷ ನನ್ನ ಜೋಳ ಛಲೋ ಬಂತು.

ಮುಂದೆ ಅವರು ಹಳ್ಳದ ಆಚೆ ಎರಡು ಹರದಾರಿಯಿಂದ ಕತ್ತಿ ಮೇಲೆ ಮಣ್ಣು ಹೇರಿಕೊಂಡು ಬರಬೇಕಾಯಿತು. ಎರಡು ಮನೆ ಬಿಟ್ಟವು. ಉಳಿದ ಮೂರು ಮನೆಯ ಮಾಲಿಗೆ ಆವಿಗೆ ಅರ್ಧಾನೂ ತುಂಬಲಿಲ್ಲ. ಅರ್ಧ ತುಂಬಿದ ಆವಿಗೆ ಉರುವಲ ಅಷ್ಟೇ ತಿಂತದ, ಗಡಿಗಿ ಅರ್ಧ ಕೊಡತದ. ಅಲ್ಲಿಗೆ ಲೆಕ್ಕ ಮುಗೀತು. ಈಗ ತಿಗರಿ ಇರುವುದು ಒಂದೇ ಮನೆಯಾಗ, ನನ್ನ ಗೆಳೆಯನದು. ದೀವಳಿಗೆಗೆ ಹಣತಿ, ಬ್ಯಾಸಿಗಿಗೆ ನಾಲ್ಕು ಹರವಿ.

ಸಮ್ಮೇಳನಕ್ಕೆ ಅವನನ್ನು ನಾನೇ ಎಬ್ಬಿಸಿಕೊಂಡು ಹೋದೆ. ಬರೂದಿಲ್ಲ ಅಂತಿದ್ದ. ಭಾಷಣ ಕೇಳಲಿಕ್ಕೆ ನಾ ಯಾಕ ಬರಲಿ ಅಂದ. ಮೊದಲ ದಿನ ಹಂಗೇ ಆಯಿತು, ಹಾರ, ಶಾಲು, ಭಾಷಣ. 2018ರಿಂದ ಖಾದಿ ಗ್ರಾಮೋದ್ಯೋಗ ಆಯೋಗದವರು ಕರೆಂಟಿನ ತಿಗರಿ ಕೊಡುತ್ತಿರುವುದನ್ನು ಹೇಳಿದರು. 2023ರಲ್ಲಿ ಶುರುವಾದ ವಿಶ್ವಕರ್ಮ ಯೋಜನೆಯೊಳಗ ಕುಂಬಾರರೂ ಇದ್ದಾರೆ, ಸಾಮಾನಿಗೆ 15,000 ರೂಪಾಯಿ ಸಿಗತದ ಅಂದರು. ಕೆಲಸಕ್ಕೆ ಬರುವ ಮಾತೇ, ಆದರೆ ಮಂದಿ ಆಕಳಿಸುತ್ತಿತ್ತು.

ಎರಡನೇ ದಿನ ಮಂಟಪ ಖಾಲಿ. ಎಲ್ಲರೂ ಹಿಂದಿನ ಬಯಲಿನಾಗ. ಜತ್ತ, ಇಂಡಿ, ಭಾಲ್ಕಿ, ಖಾನಾಪುರ ಕಡೆಯವರು ತಮ್ಮ ತಮ್ಮ ಊರ ಮಣ್ಣು ಚೀಲದಾಗ ತಂದಿದ್ದರು. ಖಾನಾಪುರದಾಗ ಕೇಂದ್ರದ ಕುಂಬಾರಿಕೆ ಸಂಸ್ಥೆನೇ ಅದ, ಅಲ್ಲಿ ಕಲಿತ ಒಬ್ಬ ಮೆರುಗು ಹಚ್ಚುವುದು ತೋರಿಸಿದ. ನಮ್ಮವರು ಬಾಯಿ ತೆಗೆದು ನೋಡಿದರು. ಆಮೇಲೆ ಅವನು ನನ್ನ ಗೆಳೆಯನ ಮುಂದೆ ಕೂತು, ಒಳಗೆ ಗುಂಡು ಹಿಡಿದು ಹೊರಗೆ ಹಲಗಿಯಿಂದ ಬಡಿದು ಗಡಿಗಿ ಬುಡ ತೆಳ್ಳಗ ಮಾಡುವುದನ್ನು ನೋಡುತ್ತಾ ತಾಸುಗಟ್ಟಲೆ ಏಳಲೇ ಇಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಮಣ್ಣು ತುಳಿಯೋರು, ಬಡಿಯೋರು, ಬಣ್ಣ ಹಚ್ಚೋರು, ತಿಗರಿ ಮಾತ್ರ ಮುಟ್ಟೂ ಹಾಗಿಲ್ಲ ಅಂತಿತ್ತು. ಅಲ್ಲಿ ಒಬ್ಬ ಮುದುಕಿ ಕರೆಂಟಿನ ತಿಗರಿ ಮುಂದೆ ಕೂತು, ಕಿಲಕಿಲ ನಗುತ್ತಾ, ಒಂದರ ಹಿಂದೆ ಒಂದು ಮಗಿ ಎತ್ತಿದಳು. ಅರವತ್ತು ವರ್ಷ ನೋಡಿ ನೋಡಿನೇ ಕಲಿತಾಳ ಅಂತ ಆಕಿ ಸೊಸಿ ಅಂದಳು.

ಅವತ್ತು ಮಧ್ಯಾಹ್ನ ಕಲಾ ಶಾಲೆಯ ಒಬ್ಬ ಬಾಯಿ ಪರದೆ ಮೇಲೆ ಚಿತ್ರ ಹಾಕಿ ಒಂದು ಸಂಗತಿ ಹೇಳಿದಳು. 1952ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್ ಎಂಬ ಊರಿನಲ್ಲಿ ಜಗತ್ತಿನ ಕುಂಬಾರರು, ನೇಕಾರರು ನೂರಕ್ಕೂ ಹೆಚ್ಚು ಜನ ಹತ್ತು ದಿನ ಕೂಡಿದ್ದರಂತೆ. ಕೂಡಿಸಿದವರಲ್ಲಿ ಮುಖ್ಯ ಬರ್ನಾರ್ಡ್ ಲೀಚ್, ಜಪಾನಿನಾಗ ಮಣ್ಣಿನ ಕೆಲಸ ಕಲಿತ ಇಂಗ್ಲೆಂಡಿನವನು. ಜಪಾನಿನಿಂದ ಶೋಜಿ ಹಮಾದಾ, ಯಾನಾಗಿ ಬಂದಿದ್ದರು. ಆ ಜಾಗದ ಯಜಮಾನ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ನಮ್ಮ ರವೀಂದ್ರನಾಥ ಠಾಕೂರರ ಹತ್ತಿರ 1922ರಲ್ಲಿ ಶ್ರೀನಿಕೇತನದೊಳಗ ಹಳ್ಳಿ ಕೆಲಸ ಮಾಡಿದವನು. ಹಮಾದಾ ತಮ್ಮೂರಿನಲ್ಲಿ ಕೋಲಿನಿಂದ ತಿರುಗಿಸುವ ತಿಗರಿಯನ್ನೇ ಬಳಸುತ್ತಿದ್ದರು ಅಂದಾಗ ನಮ್ಮವರೆಲ್ಲಾ ನೆಟ್ಟಗ ಕೂತರು. ಸಮ್ಮೇಳನ ಮುಗಿಸಿ ಆ ಮೂವರು ಅಮೆರಿಕಕ್ಕೆ ಹೋದರು, ಊರೂರಿಗೆ ಕೂತು ಮಾಡಿ ತೋರಿಸಿದರು, ಅಲ್ಲಿಯ ಮೂಲನಿವಾಸಿ ಕುಂಬಾರತಿ ಮರಿಯಾ ಮಾರ್ಟಿನೆಜ್ ಮನೆಗೂ ಹೋದರು. ಆಕೆ ತಿಗರಿ ಇಲ್ಲದೆ ಕೈಯಿಂದಲೇ ಗಡಿಗೆ ಎತ್ತುವವಳು, ಲದ್ದಿ ಸೆಗಣಿ ಮುಚ್ಚಿ ಹೊಗೆ ಕಟ್ಟಿ ಕರ್ರಗೆ ಮಿಂಚುವ ಹಾಗೆ ಸುಡುವವಳು. ಕರೀ ಗಡಿಗಿ ನಾವೂ ಹಂಗೇ ಮಾಡ್ತೀವಲ್ಲ! ಹಿಂದಿನಿಂದ ಒಬ್ಬ ಮುದುಕ ಎದ್ದು, ಸೆಗಣಿ ಹಚ್ಚತಾಳಂದ್ರ ಆಕಿ ನಮ್ಮ ಬೀಗತಿನೇ ಆದಳು ಅಂದ. ಆ ನಗು ಮಂಟಪದ ಹೊರಗಿನ ತನಕ ಕೇಳಿರಬೇಕು.

ಇಂಗ್ಲೆಂಡಿನದು ಕೇಳಿದಾಗ ನನಗೆ ನಮ್ಮ ತೇರ ನೆನಪಾಯಿತು. ಸೋಲಾಪುರದ ಉತ್ತರಕ್ಕೆ, ಧಾರಾಶಿವ ಜಿಲ್ಲೆಯ ತೇರಣಾ ಹೊಳೆ ದಂಡೆ ಮೇಲಿನ ಊರು. ಎರಡು ಸಾವಿರ ವರ್ಷದ ಹಿಂದಿನ ಗ್ರೀಕರ ಬರಹದಾಗ ಅದರ ಹೆಸರು ತಗರ ಅಂತ ಅದ. ಅಲ್ಲಿಯ ಲಾಮತೂರೆ ವಸ್ತುಸಂಗ್ರಹಾಲಯದಾಗ ಆ ಕಾಲದ ಮಣ್ಣಿನ ಗೊಂಬೆಗಳು ಅವ, ಎರಡು ಅಚ್ಚಿನ ನಡುವೆ ಒತ್ತಿ ಮಾಡಿದವು. ಭಜನಿ ಮೇಳದ ಜೋಡಿ ಹೋದಾಗ ನೋಡಿದ್ದೆ. ಅದೇ ತೇರ ಸಂತ ಗೋರಾ ಕುಂಭಾರನ ಊರು. ಜ್ಞಾನದೇವ, ಮುಕ್ತಾಬಾಯಿ, ನಾಮದೇವ ಎಲ್ಲಾ ಸಂತರು ಅವನ ಮನೆಯಲ್ಲಿ ಕೂಡಿದ್ದರು ಅಂತ ಕತಿ. ಈ ಹಲಗಿ ಯಾತಕ್ಕ ಕಾಕಾ ಅಂತ ಮುಕ್ತಾಬಾಯಿ ಕೇಳಿದಳಂತೆ. ಗಡಿಗಿ ಬೆಂದದ್ದೋ ಹಸಿಯೋ ಬಡಿದು ನೋಡಲಿಕ್ಕೆ ಅಂದ ಗೋರಾ, ಎಲ್ಲರ ತಲಿ ಮ್ಯಾಲೂ ಒಂದೊಂದು ಬಡಿದ. ನಾಮದೇವನಿಗೆ ಸಿಟ್ಟು ಬಂತು. ಈ ಗಡಿಗಿ ಹಸಿ ಅದ ಅಂದ.

ನಮ್ಮ ಕನ್ನಡದಾಗ ಗುಂಡಯ್ಯ ಇದ್ದಾನ, ಹರಿಹರ ಕವಿ ಅವನ ಮೇಲೆ ರಗಳೆಯನ್ನೇ ಬರೆದಾನ. ಗಡಿಗಿ ಬಡಿಯುವ ಸಪ್ಪಳಕ್ಕ ಶಿವನೇ ಕುಣಿದ ಅಂತ. ಅವನ ಹೆಂಡತಿ ಕೇತಲದೇವಿ ವಚನ ಬರೆದವಳು. ಒಬ್ಬನ ಮನೆಯಾಗ ಸಂತರು ಕೂಡಿದರು, ಒಬ್ಬನ ಮನೆಗೆ ದೇವರೇ ಬಂದ. ಕುಂಬಾರನ ಅಂಗಳ ಮಂದಿ ಕೂಡೂ ಜಾಗ ಅಂತ ಹಿಂದಿನವರಿಗೆ ಗೊತ್ತಿತ್ತು ಅಂತ ನನಗನಸತದ.

ಕಡೀ ರಾತ್ರಿ ಬಯಲಿನಾಗ ಆವಿಗೆ ಹಚ್ಚಿದರು. ಎಲ್ಲಾ ಊರ ಮಣ್ಣು, ಎಲ್ಲರ ಗಡಿಗಿ ಒಂದರಾಗ. ನನ್ನ ಗೆಳೆಯ ತನ್ನ ಗಡಿಗಿ ಕಂಠದ ಕೆಳಗೆ ಉಗುರಿನಿಂದ ಅರ್ಧಚಂದ್ರ ಗೀರಿದ. ಅದು ಅವರಪ್ಪನ ಗುರುತು. ನಾ ದಮ್ಮಡಿ ಹಿಡಕೊಂಡು ಹಾಡಲಿಕ್ಕೆ ನಿಂತೆ, ಎರಡನೇ ನುಡಿಗೆ ದನಿ ಏಳಲಿಲ್ಲ. ಹೊಗೆ ಬಂತು ಅಂದೆ. ಕೂತು ಅವನಿಗೆ, ಆ ಕೆರೀ ಮೂಲಿ ನಾ ಹಾಳ ಮಾಡಬಾರದಿತ್ತು ಅಂದೆ. ಮೂವತ್ತು ವರ್ಷ ಆದ ಮ್ಯಾಲೆ ಅಂದೆ. ಅವ ಬೆಂಕಿ ಕಡೆ ನೋಡಿಕೋತ, ಗಾಳಿ ತಿರಗತದ, ಆ ಮಗ್ಗಲು ಬೂದಿ ಹಾಕು ಅಂದ. ಎದ್ದು ಹಾಕಿದೆ. ಬೆಳಗ್ಗೆ ತೆಗೆದಾಗ ಆ ಮಗ್ಗಲಿನ ಒಂಬತ್ತು ಗಡಿಗಿ ಸೀಳಿದ್ದವು, ಅವನದೂ ಒಂದು.

ಬರುವ ಮಾಘದಾಗ ಹತ್ತು ಊರಿನ ಕುಂಬಾರರು ನಮ್ಮೂರಿಗೆ ಬಂದು ಎರಡು ದಿನ ಕೆಲಸ ಮಾಡಿ ಆವಿಗೆ ಹಚ್ಚತಾರ ಅಂತ ಅಲ್ಲೇ ಮಾತಾಯಿತು. ಮಣ್ಣು ಎಲ್ಲಿಂದ ಅಂತ ಗೆಳೆಯ ಕೇಳಿದ. ಕೆರೆಗೆ ಹತ್ತಿದ ನನ್ನ ಹೊಲದ ಕೆಳಗಿನ ಬದುವಿಗೆ ಜೇಡಿ ಪದರು ಹಾದು ಹೋಗ್ಯದ. ಆ ಎರಡು ಗುಂಟೆ ಈ ವರ್ಷ ಬಿತ್ತಿಲ್ಲ. ಮೊನ್ನೆ ಅವನನ್ನು ಕರಕೊಂಡು ಹೋಗಿ ಮಳಕಾಲಮಟ ಅಗೆದು ತೋರಿಸಿದೆ. ಚಿಟಿಕಿ ಮಣ್ಣು ಎತ್ತಿ ನಾಲಿಗಿ ಮ್ಯಾಲ ಇಟ್ಟುಕೊಂಡ, ಉಗುಳಿದ. ಉಪ್ಪು ಜರಾ ಹೆಚ್ಚದ, ಇನ್ನೊಂದು ಮೊಳ ಕೆಳಗ ಹೋಗು ಅಂದ. ಅಗೀಲಿಕ್ಕೆ ಹತ್ತೀನಿ.