ನಿಗಡಿಯ ಅಂಗಳದ ಮಣ್ಣು

ನಾವು ‘ಪ್ರಾಧಿಕರಣ’ವೆನ್ನುವ ನಿಗಡಿಯ ಬಡಾವಣೆ ಒಂದು ಕಾಲಕ್ಕೆ ರೈತರ ಹೊಲ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಬೇರೆ ಕಾರ್ಖಾನೆಗಳೂ ಬಂದವು, ಅವುಗಳ ಹಿಂದೆ ಕನ್ನಡಿಗರಾದ ನಾವೂ ಬಂದೆವು. ಕಾರ್ಮಿಕರ ವಸತಿಗೆಂದು 1972ರಲ್ಲಿ ನವನಗರ ವಿಕಾಸ ಪ್ರಾಧಿಕರಣ ಹುಟ್ಟಿತು. ಸ್ವಾಧೀನವಾದ ಹೊಲಗಳು 99 ವರ್ಷದ ಗುತ್ತಿಗೆಯ ನಿವೇಶನಗಳಾಗಿ ಹಂಚಿಹೋದವು. ಭೂಮಿ ಬಿಟ್ಟುಕೊಟ್ಟವರು ಅದರಲ್ಲೊಂದು ಪಾಲು ಮರಳಿ ಪಡೆಯಲು ದಶಕಗಟ್ಟಲೆ ಹೋರಾಡಬೇಕಾಯಿತು. 2021ರಲ್ಲಿ ಪ್ರಾಧಿಕರಣವೇ ವಿಸರ್ಜನೆಯಾಯಿತು. ಹೆಸರು ಮಾತ್ರ ಉಳಿದಿದೆ.

ಯುಗಾದಿಯ ಹೊತ್ತಿಗೆ ಅಂಗಳದಲ್ಲಿ ಪಾತಿ ಮಾಡುವಾಗ ನಾವು ಇದನ್ನು ನೆನೆಯಬೇಕು. ಕಟ್ಟಡದ ಮುರುಮು, ಇಟ್ಟಿಗೆಚೂರು ಆರಿಸಿ ತೆಗೆದು, ಮಣ್ಣನ್ನು ಬಿಸಿಲಿಗೆ ಬಿಟ್ಟು, ಕೊಟ್ಟಿಗೆ ಗೊಬ್ಬರ ಬೆರೆಸಿ ಬೆಂಡೆ, ಹೀರೆ, ಚವಳಿ ಊರುತ್ತೇವೆ. ನಿವೇಶನ ನಮ್ಮ ಹೆಸರಿನಲ್ಲಿದ್ದರೂ ಈ ಮಣ್ಣನ್ನು ಮೊದಲು ಹದಮಾಡಿದ ಕೈಗಳು ನಮ್ಮವಲ್ಲ.