ಹಿತ್ತಿಲ ಗಡಿಯಾಚೆಯ ನೆರೆಯವರು

ನಿಮ್ಮ ಮನೆಯ ಹಿತ್ತಿಲಿಗೆ ದಿನವೂ ಬಂದುಹೋಗುವವರ ಲೆಕ್ಕವನ್ನು ಎಂದಾದರೂ ಇಟ್ಟಿದ್ದೀರಾ? ಪೇರಲೆ ಮರದ ಅಳಿಲು, ಪಾತ್ರೆ ತೊಳೆಯುವಲ್ಲಿ ಅನ್ನದಗುಳಿಗೆ ಕಾದು ಕೂರುವ ಕಾಗೆ, ಬಾವಿಕಟ್ಟೆಯ ಕಪ್ಪೆ, ಬೇಲಿಯ ಸಂದಿನಲ್ಲಿ ನುಸುಳುವ ಮುಂಗುಸಿ, ಬೆಳಕು ಹರಿಯುವ ಮೊದಲೇ ಸಿಳ್ಳೆ ಹಾಕುವ ಮಡಿವಾಳ ಹಕ್ಕಿ. ಇವರಲ್ಲಿ ಯಾರನ್ನೂ ನಾವು ಕರೆದಿಲ್ಲ. ಅವರೂ ನಮ್ಮ ಅಪ್ಪಣೆ ಕೇಳಿಲ್ಲ. ಇಂಥ ಅತಿಥಿಗಳನ್ನು ಕುರಿತೇ ಒಂದು ಇಡೀ ಪುಸ್ತಕವನ್ನು ಬರೆದವರೊಬ್ಬರು, ಅದೂ ಮಿಷನರಿ ಮನೆತನದವರು, ನಮ್ಮ ಉತ್ತರ ಕನ್ನಡದಲ್ಲಿಯೇ ಸೇವೆ ಸಲ್ಲಿಸಿದ್ದರೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದು.

ಅವರ ಹೆಸರು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್. ಹುಟ್ಟಿದ್ದು 1851ರಲ್ಲಿ, ಸಾತಾರಾದಲ್ಲಿ. ತಂದೆ ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಮಿಷನರಿ. ಮಗನಿಗೆ ಮೊದಲ ಗುರುವೂ ಅವರೇ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕೆಲವು ವರ್ಷ ಲ್ಯಾಟಿನ್ ಕಲಿಸಿದ ಐಟ್ಕೆನ್ನರು 1876ರಲ್ಲಿ ಮುಂಬಯಿ ಸರ್ಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು. ಉಪ್ಪಿನ ಗದ್ದೆಗಳನ್ನೂ ಸುಂಕದ ಚೌಕಿಗಳನ್ನೂ ನೋಡಿಕೊಳ್ಳುವ ಆ ಕೆಲಸದಲ್ಲಿ ಒಂಟಿ ಬಂಗಲೆಗಳ ವಾಸ ತಪ್ಪಿದ್ದಲ್ಲ. ಬೇಸರ ಕಳೆಯಲು ಇತರ ಅಧಿಕಾರಿಗಳು ಕೋವಿ ಹಿಡಿದು ಬೇಟೆಗೆ ಹೊರಡುತ್ತಿದ್ದ ಕಾಲವದು. ಹುಲಿ ಹೊಡೆದವನಿಗೆ ಮಾನ. ಹಲ್ಲಿಯನ್ನು ನೋಡುತ್ತ ಕುಳಿತವನಿಗೆ ನಗೆ.

ಐಟ್ಕೆನ್ನರು ಹಲ್ಲಿಯನ್ನೇ ನೋಡುತ್ತ ಕುಳಿತರು. 1883ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರನ್ನು ಕನ್ನಡಿಸಿದರೆ 'ನನ್ನ ಗಡಿಯ ಬುಡಕಟ್ಟುಗಳು' ಎಂದಾಗುತ್ತದೆ. ಗಡಿಯೆಂದರೆ ವಾಯವ್ಯದ ಬೆಟ್ಟಗಳಲ್ಲ, ತಮ್ಮ ಬಂಗಲೆಯ ಜಗಲಿ ಮತ್ತು ತೋಟ. ಬುಡಕಟ್ಟುಗಳೆಂದರೆ ಇಲಿ, ಇರುವೆ, ಕಾಗೆ, ಬಾವಲಿ, ಜೇಡ, ಕಪ್ಪೆ, ಗೆದ್ದಲು. ಮನೆಯೊಡೆಯನು ದೊರೆ, ಇವುಗಳೊಡನೆ ಅವನು ನಡೆಸುವ ಸಂಧಿ, ಕದನ, ಕಪ್ಪಕಾಣಿಕೆಗಳ ವ್ಯವಹಾರವೇ ಪುಸ್ತಕದ ವಸ್ತು. ಆಳುವ ಜನಾಂಗದವರ ಗತ್ತು ಆ ಹಾಸ್ಯದಲ್ಲಿ ಅಲ್ಲಲ್ಲಿ ಇಣುಕುತ್ತದೆ, ಇಂದಿನ ಓದುಗರಿಗೆ ಅದು ಚುಚ್ಚಲೂಬಹುದು. ಆದರೆ ಬರೆದವರ ಕಣ್ಣು ಸುಳ್ಳಾಡುವುದಿಲ್ಲ. ಅದೇ ವರ್ಷ ಮುಂಬಯಿಯಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದಾಗ ಅವರಲ್ಲಿ ಐಟ್ಕೆನ್ನರೂ ಒಬ್ಬರು. ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನರಂಥ ಭಾರತೀಯ ವೈದ್ಯರೂ ಆ ಎಂಟರಲ್ಲಿದ್ದರೆಂಬುದನ್ನು ಮರೆಯಬಾರದು.

ಮನೆಯೊಳಗೆ ಬಂದ ಜೀವಿಯನ್ನು ಓಡಿಸದೆ ನೋಡುವುದು ಹೊಸ ಹವ್ಯಾಸವೇನೂ ಅಲ್ಲ. ಎಂಬತ್ತನಾಲ್ಕನೆಯ ಕೀರ್ತನೆಯ ಕರ್ತೃ ದೇವಾಲಯಕ್ಕೆ ಹೋಗಲು ಹಂಬಲಿಸುವಾಗ, ಬಲಿಪೀಠದ ಬಳಿಯಲ್ಲೇ ಮನೆ ಮಾಡಿಕೊಂಡ ಗುಬ್ಬಿಯನ್ನು ನೆನೆಯುತ್ತಾನೆ. ಗೂಡನ್ನು ಕಿತ್ತೆಸೆಯಬೇಕೆಂದು ಅವನಿಗೆ ತೋಚಲಿಲ್ಲ. ಆ ಹಕ್ಕಿಯ ಭಾಗ್ಯ ತನಗಿಲ್ಲವಲ್ಲ ಎಂದು ಮರುಗಿದನು.

ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಆ ಇಲಾಖೆಯ ಅಧಿಕಾರಿಗಳಿಗೆ ಇಲ್ಲಿಗೂ ವರ್ಗವಾಗುತ್ತಿತ್ತು. ಇಲ್ಲಿಗೆ ಬಂದ ಐಟ್ಕೆನ್ನರಿಗೆ ಇಬ್ಬರು ಸಮಾನಮನಸ್ಕರು ದೊರೆತರು: ಕಂದಾಯ ಆಡಳಿತದ ಡೇವಿಡ್ಸನ್ ಮತ್ತು ಅರಣ್ಯ ಇಲಾಖೆಯ ಟಿ. ಆರ್. ಬೆಲ್. ಮೂವರೂ ಕೂಡಿ ಈ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬರೆದ ಲೇಖನಮಾಲೆಯು 1896ರಿಂದ ಆ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ರೆಕ್ಕೆಯ ಅಂದವನ್ನು ಬಣ್ಣಿಸಿದವರು ಮೊದಲೂ ಇದ್ದರು. ಇವರ ಹೆಚ್ಚಳವೆಂದರೆ ಹುಳುಗಳನ್ನು ಸಾಕಿ, ಯಾವ ಹುಳು ಯಾವ ಗಿಡದ ಎಲೆಯನ್ನು ತಿನ್ನುತ್ತದೆ, ಕೋಶದೊಳಗಿಂದ ಯಾವ ಚಿಟ್ಟೆ ಹೊರಬರುತ್ತದೆ ಎಂದು ಒಂದೊಂದಾಗಿ ಬರೆದಿಟ್ಟದ್ದು. ಬೆಲ್ ಅವರಂತೂ ನಿವೃತ್ತಿಯ ನಂತರವೂ ಕಾರವಾರವನ್ನು ಬಿಡದೆ 1948ರಲ್ಲಿ ಅಲ್ಲಿಯೇ ತೀರಿಕೊಂಡರು.

ಈ ಕೆಲಸದ ಒಂದು ತುಣುಕು ನಿಮ್ಮ ಹಿತ್ತಿಲಲ್ಲೂ ನಡೆಯುತ್ತಿರುತ್ತದೆ. ಕರಿಬೇವಿನ ಅಥವಾ ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂಡರೆ ಬಾಗಿ ನೋಡಿ. ಅದು ನಿಂಬೆ ಚಿಟ್ಟೆಯ ಮರಿಹುಳುವಾಗಿರಬಹುದು. ಹಕ್ಕಿಯ ಕಣ್ಣು ತಪ್ಪಿಸಲು ಹಕ್ಕಿಯ ಹಿಕ್ಕೆಯದೇ ವೇಷ! ಬೆಳೆದಂತೆ ಅದು ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದೊಂದನ್ನು ಹೊರಚಾಚಿ ಘಾಟುವಾಸನೆ ಬೀರುತ್ತದೆ. ಹತ್ತು ಎಲೆ ಹೋಯಿತೆಂದು ಗೃಹಿಣಿಯರು ಅದನ್ನು ಹೊಸಕಿಬಿಡುವುದೇ ಹೆಚ್ಚು. ಒಂದು ಸಾರಿ ಆ ಗಿಡವನ್ನು ಮಕ್ಕಳ ವಶಕ್ಕೆ ಬಿಟ್ಟು, ಕೋಶ ಒಡೆಯುವವರೆಗೆ ಕಾಯಲು ಹೇಳಿ. ಒಗ್ಗರಣೆಗೆ ಪಕ್ಕದ ಮನೆಯಲ್ಲಿ ನಾಲ್ಕು ಎಸಳು ಕೇಳಿದರಾಯಿತು.

ಹಿತ್ತಿಲಿಗೆ ಬರುವವರೆಲ್ಲರೂ ಮನಸ್ಸಿಗೆ ಮುದ ನೀಡುವವರಲ್ಲ ಎಂಬುದನ್ನು ಐಟ್ಕೆನ್ನರು ಚೆನ್ನಾಗಿ ಬಲ್ಲರು. ಅಂದಿನ ಉತ್ತರ ಕನ್ನಡದಲ್ಲಿ ಚಳಿಜ್ವರಕ್ಕೆ ಹೆದರದ ಊರಿರಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬುದಕ್ಕೆ ಮೊದಲ ದೃಢ ಸಾಕ್ಷ್ಯವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಐದು ವರ್ಷಗಳ ಬಳಿಕ, ಗೋವೆಯ ಗಡಿಯ ಸುಂಕದ ಚೌಕಿಗಳಲ್ಲಿ ನರಳುತ್ತಿದ್ದ ಸಿಪಾಯಿಗಳನ್ನು ಸೊಳ್ಳೆಗಳ ನೆರೆಯಿಂದ ದೂರವಿರಿಸುವ ದಾರಿ ಹುಡುಕಲು ಸರ್ಕಾರ ಕಳುಹಿಸಿದ್ದು ವೈದ್ಯರನ್ನಲ್ಲ, ಐಟ್ಕೆನ್ನರನ್ನು. ಜಗಲಿಯಲ್ಲಿ ಕುಳಿತು ಇರುವೆ ಸಾಲನ್ನು ನೋಡಿದ ತಾಳ್ಮೆಯಿಂದಲೇ ಅವರು ಆ ಚೌಕಿಗಳ ಸುತ್ತಮುತ್ತ ಸೊಳ್ಳೆಗಳನ್ನು ಅರಸಿದರು. ಅಲ್ಲಿ ಅವರ ಕೈಗೆ ಅದುವರೆಗೆ ವಿಜ್ಞಾನಕ್ಕೆ ಗೊತ್ತಿರದ ಒಂದು ಅನಾಫಿಲಿಸ್ ಸೊಳ್ಳೆ ಸಿಕ್ಕಿತು. ಮೇಜರ್ ಜೇಮ್ಸ್ ಎಂಬ ಸೇನಾ ವೈದ್ಯರು ಅದಕ್ಕೆ ಐಟ್ಕೆನ್ನರ ಹೆಸರನ್ನೇ ಇಟ್ಟರು.

1909ರಲ್ಲಿ ಐಟ್ಕೆನ್ನರು ಎಡಿನ್‌ಬರೋದಲ್ಲಿ ನಿಧನರಾದರು. ಅವರ ಹೆಸರು ಹೊತ್ತ ಆ ಸೊಳ್ಳೆ ಕಾಡಿನದು. ಮಲೇರಿಯಾ ಹರಡುವ ಮುಖ್ಯ ಸೊಳ್ಳೆಗಳ ಸಾಲಿನಲ್ಲಿ ಅದನ್ನು ಯಾರೂ ಎಣಿಸುವುದಿಲ್ಲ.