ನಿಶ್ಚಿತತೆ ಮತ್ತು ಸಂಭವನೀಯತೆ

ಸಂಭವನೀಯತೆ ಎಂದರೆ ಒಂದು ಘಟನೆ ನಡೆಯುವ ಸಾಧ್ಯತೆ ಎಷ್ಟು ಎಂಬುದನ್ನು 0 ಮತ್ತು 1ರ ನಡುವಿನ ಸಂಖ್ಯೆಯಿಂದ ಸೂಚಿಸುವ ಗಣಿತದ ಪರಿಕಲ್ಪನೆ. ನಡೆದೇ ತೀರುವ ಘಟನೆಯ ಸಂಭವನೀಯತೆ 1. ಅದನ್ನು ನಿಶ್ಚಿತ ಘಟನೆ ಎನ್ನುತ್ತಾರೆ. ನಡೆಯಲಾರದ ಘಟನೆಯದು 0. ಅದು ಅಸಂಭವ ಘಟನೆ. ದೈನಂದಿನ ಜೀವನದ ಬಹುಪಾಲು ಘಟನೆಗಳು ಇವೆರಡರ ನಡುವೆ ಇರುತ್ತವೆ. ಕರ್ನಾಟಕದ ಹತ್ತನೆಯ ತರಗತಿಯ ಗಣಿತ ಪಠ್ಯದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಅಧ್ಯಾಯವಿದೆ.

ಆಡುಮಾತು ಮತ್ತು ಗಣಿತ

ಕನ್ನಡದಲ್ಲಿ ‘ಖಂಡಿತ’, ‘ಪ್ರಾಯಶಃ’, ‘ಅನುಮಾನ’ ಮೊದಲಾದ ಪದಗಳು ಸಾಧ್ಯತೆಯ ಬೇರೆಬೇರೆ ಮಟ್ಟಗಳನ್ನು ಸೂಚಿಸುತ್ತವೆ. ಆದರೆ ಅವು ಪ್ರಮಾಣವನ್ನು ತಿಳಿಸುವುದಿಲ್ಲ. ‘ಕೆಂಗೇರಿಯಲ್ಲಿ ಇಂದು ಸಂಜೆ ಮಳೆ ಬರಬಹುದು’ ಎಂದು ಫೆಬ್ರವರಿಯಲ್ಲಿಯೂ ಹೇಳಬಹುದು, ಮುಂಗಾರುಪೂರ್ವ ಮಳೆಯ ಮೇ ತಿಂಗಳಿನಲ್ಲಿಯೂ ಹೇಳಬಹುದು. ವಾಕ್ಯ ಒಂದೇ, ಸಾಧ್ಯತೆ ಒಂದೇ ಅಲ್ಲ. ಮಳೆಯ ಸಂಭವನೀಯತೆ ಶೇ. 70 ಎಂದರೆ, ಅಂತಹ 100 ದಿನಗಳಲ್ಲಿ ಸುಮಾರು 70 ದಿನ ಮಳೆಯಾಗುವುದೆಂದು ಅರ್ಥ. ಒಂದು ದಿನ ಮಳೆ ಬಾರದಿದ್ದ ಮಾತ್ರಕ್ಕೆ ಆ ಮುನ್ಸೂಚನೆ ಸುಳ್ಳಾಗುವುದಿಲ್ಲ.

ಒಂದೇ ಪ್ರಸಂಗದಲ್ಲಿ ಎರಡೂ ಕೂಡಿರಬಹುದು. ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಶಿವಲಿಂಗವನ್ನು ತಲಪುತ್ತವೆ. ಸೂರ್ಯನು ಆ ಸ್ಥಾನಕ್ಕೆ ಬರುವುದನ್ನು ಮೊದಲೇ ಲೆಕ್ಕ ಹಾಕಬಹುದು. ಅದು ನಿಶ್ಚಿತವೆನ್ನುವಷ್ಟು ಖಚಿತ. ಆದರೆ ಮೋಡ ಕವಿದರೆ ಕಿರಣ ಕಾಣದು. ಆದ್ದರಿಂದ ಕಿರಣದರ್ಶನವು ಸಂಭವನೀಯ ಘಟನೆ.

ಚೌಕಾಬಾರದ ಲೆಕ್ಕ

ಚೌಕಾಬಾರವನ್ನು ನಾಲ್ಕು ಕವಡೆಗಳಿಂದ ಆಡುತ್ತಾರೆ. ಸೀಳು ಮೇಲಾಗಿ, ಅಂದರೆ ಅಂಗಾತ ಬಿದ್ದ ಕವಡೆಗಳ ಸಂಖ್ಯೆಯೇ ಗರ. ನಾಲ್ಕೂ ಅಂಗಾತ ಬಿದ್ದರೆ ಚೌಕ (4), ನಾಲ್ಕೂ ಬೋರಲು ಬಿದ್ದರೆ ಬಾರ (8). ಪ್ರತಿ ಕವಡೆಯೂ ಎರಡು ಬಗೆಗಳಲ್ಲಿ ಸಮಾನವಾಗಿ ಬೀಳುವುದೆಂದು ಭಾವಿಸಿದರೆ ಒಟ್ಟು ಫಲಿತಗಳು 2×2×2×2 = 16. ಅವುಗಳಲ್ಲಿ ಎರಡು ಬೀಳುವ ಬಗೆಗಳು 6. ಒಂದು ಮತ್ತು ಮೂರಕ್ಕೆ ತಲಾ 4. ಚೌಕ ಮತ್ತು ಬಾರಕ್ಕೆ ತಲಾ 1. ಆದ್ದರಿಂದ ಚೌಕದ ಸಂಭವನೀಯತೆ 1/16. ಆದರೆ ಕವಡೆಯ ಎರಡು ಮಗ್ಗುಲುಗಳ ಆಕಾರ ಒಂದೇ ಅಲ್ಲ. ನಿಜವಾದ ಪ್ರಮಾಣ ತಿಳಿಯಲು ಅದನ್ನು ನೂರಾರು ಬಾರಿ ಎಸೆದು ಫಲಿತಗಳನ್ನು ಬರೆದಿಡಬೇಕು. ಮೊದಲನೆಯದು ಸೈದ್ಧಾಂತಿಕ ಸಂಭವನೀಯತೆ, ಎರಡನೆಯದು ಪ್ರಾಯೋಗಿಕ ಸಂಭವನೀಯತೆ.

ಇತಿಹಾಸ

ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆಗಳು (4×3)÷(1×2) = 6 ಎಂದು ಕಂಡುಕೊಳ್ಳುವ ಸಾಮಾನ್ಯ ಸೂತ್ರವನ್ನು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ನೀಡಿದ್ದಾನೆ. ಸಂಭವನೀಯತೆಯು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದದ್ದು 1654ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಮತ್ತು ಫರ್ಮಾ ಜೂಜಿನ ಪಣದ ಹಂಚಿಕೆ ಕುರಿತು ನಡೆಸಿದ ಪತ್ರವ್ಯವಹಾರದಿಂದ. 1933ರಲ್ಲಿ ರಷ್ಯಾದ ಕೊಲ್ಮೊಗೊರೊವ್ ಅದಕ್ಕೆ ಆಧುನಿಕ ತಳಹದಿ ಒದಗಿಸಿದನು.

ತಪ್ಪು ಗ್ರಹಿಕೆಗಳು

‘ಇಷ್ಟು ಹೊತ್ತು ಚೌಕ ಬಿದ್ದಿಲ್ಲ, ಇನ್ನು ಬೀಳಲೇಬೇಕು’ ಎಂಬುದು ತಪ್ಪು. ಕವಡೆಗೆ ಹಿಂದಿನ ಗರದ ನೆನಪಿಲ್ಲ. ಪ್ರತಿ ಎಸೆತವೂ ಸ್ವತಂತ್ರ. ‘ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಹಾಗಾಗಿ ಅರ್ಧಕ್ಕರ್ಧ’ ಎಂಬುದೂ ಸರಿಯಲ್ಲ. ಫಲಿತಗಳು ಎರಡೇ ಇದ್ದರೂ ಅವು ಸಮಸಂಭವನೀಯವಾಗಿರಬೇಕೆಂದಿಲ್ಲ.

ಲಾಟರಿಯ ಆಕರ್ಷಣೆಯ ಹಿಂದೆ ಇಂತಹುದೇ ಗೊಂದಲವಿದೆ. ಮಾರಾಟವಾದ 1,00,000 ಚೀಟಿಗಳಲ್ಲಿ ಒಂದಕ್ಕೆ ಬಹುಮಾನ ಎತ್ತಿದರೆ, ‘ಯಾರಾದರೊಬ್ಬರು ಗೆಲ್ಲುತ್ತಾರೆ’ ಎಂಬುದು ನಿಶ್ಚಿತ. ಒಂದು ಚೀಟಿ ಕೊಂಡವನು ಗೆಲ್ಲುವ ಸಂಭವನೀಯತೆ 1/1,00,000 ಮಾತ್ರ. ಗೆದ್ದವನ ಸುದ್ದಿ ಎಲ್ಲೆಡೆ ಹಬ್ಬುತ್ತದೆ. ಸೋತ 99,999 ಮಂದಿಯದು ಸುದ್ದಿಯಾಗುವುದಿಲ್ಲ. ದಿನಗೂಲಿಯ ಹಣವನ್ನು ಚೀಟಿಗೆ ಹಾಕುವವನು ಮೊದಲಿನ ನಿಶ್ಚಿತತೆಯನ್ನು ತನ್ನದೆಂದು ಭಾವಿಸುತ್ತಾನೆ. ಕರ್ನಾಟಕದಲ್ಲಿ ಲಾಟರಿಯನ್ನು 2007ರಲ್ಲಿ ನಿಷೇಧಿಸಲಾಯಿತು.